ಪೆಡಲ್‌ಗೆ ಕಾಲು ನಿಲುಕದ ಹುಡುಗಿ

ನಲವತ್ತೇಳು ತಂತಿ, ಏಳು ಪೆಡಲ್, ಆಳೆತ್ತರದ ಚೌಕಟ್ಟು. ಹಾರ್ಪ್ ಕಲಿಯುವುದೆಂದರೆ ವಿದ್ಯಾರ್ಥಿ ಒಬ್ಬರದೇ ಸಾಹಸವಲ್ಲ, ಇಡೀ ಮನೆಯ ಸಾಹಸ. ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದ ಒಂದು ತರಗತಿಯ ಕಥೆ ಇಲ್ಲಿದೆ.

ಸುಮಾರು 1883ರ ಮಾತು. ಪ್ಯಾರಿಸ್ಸಿನ ಎಂಟು ವರ್ಷದ ಹುಡುಗಿಯೊಬ್ಬಳು ಹಾರ್ಪ್ ಕಲಿಯಲು ಕುಳಿತಳು. ಹೆಸರು ಆನ್ರಿಯೆತ್ ರೆನಿಯೆ. ಬೆರಳು ಚುರುಕು, ಕಿವಿ ಸೂಕ್ಷ್ಮ, ಕಲಿಯುವ ಹಟವೂ ಇತ್ತು. ಇದ್ದದ್ದು ಒಂದೇ ತೊಂದರೆ. ವಾದ್ಯದ ಬುಡದಲ್ಲಿರುವ ಪೆಡಲ್‌ಗಳಿಗೆ ಅವಳ ಕಾಲೇ ನಿಲುಕುತ್ತಿರಲಿಲ್ಲ!

ಕಾಲು ಬೆಳೆಯುವವರೆಗೆ ಕಾಯೋಣ ಎಂದು ಯಾವ ತಂದೆಯಾದರೂ ಹೇಳಬಹುದಿತ್ತು. ಆನ್ರಿಯೆತ್‌ಳ ತಂದೆ ಹಾಗೆನ್ನಲಿಲ್ಲ. ಪೆಡಲ್‌ಗಳಿಗೆ ಉದ್ದನೆಯ ಜೋಡಣೆಯೊಂದನ್ನು ತಾವೇ ಮಾಡಿಕೊಟ್ಟರು. ಮಗಳ ಕಾಲು ಪೆಡಲ್‌ನವರೆಗೆ ಬರಲಾರದಿದ್ದರೆ ಪೆಡಲ್ಲೇ ಮಗಳ ಕಾಲಿನವರೆಗೆ ಬರಲಿ ಎಂಬ ಉಪಾಯ. ಹತ್ತನೆಯ ವಯಸ್ಸಿಗೆ ಅವಳು ಪ್ಯಾರಿಸ್ ಕನ್ಸರ್ವೇಟರಿಯ ವಿದ್ಯಾರ್ಥಿನಿಯಾದಳು.

ಅದೇ ಸುಮಾರಿಗೆ ನಡೆದ ಸ್ಪರ್ಧೆಯಲ್ಲಿ ಅವಳಿಗೆ ಸಿಕ್ಕಿದ್ದು ಎರಡನೆಯ ಬಹುಮಾನ. ಮೊದಲನೆಯದೇ ಸಲ್ಲಬೇಕಿತ್ತು ಎಂದು ಕೇಳಿದವರೆಲ್ಲ ಅಂದುಕೊಂಡಿದ್ದರಂತೆ. ಅದನ್ನು ತಡೆದವರು ಸಂಸ್ಥೆಯ ನಿರ್ದೇಶಕ, ಸಂಗೀತಕಾರ ಆಂಬ್ರ್ವಾಸ್ ತೋಮಾ. ಕಾರಣ ವಿಚಿತ್ರವಾಗಿತ್ತು. ಆ ಕಾಲದಲ್ಲಿ ಮೊದಲನೆಯ ಬಹುಮಾನವೆಂದರೆ ಕಲಿಕೆ ಮುಗಿದಂತೆ. ಬಹುಮಾನ ಪಡೆದವರು ವೃತ್ತಿನಿರತ ಕಲಾವಿದರೆಂದು ಲೆಕ್ಕ. ಹತ್ತು ವರ್ಷದ ಮಗುವನ್ನು ವೃತ್ತಿಗೆ ದೂಡಿ ಪಾಠದ ಬಾಗಿಲು ಮುಚ್ಚುವುದೇ? ಬೇಡ, ಇನ್ನೂ ಕಲಿಯಲಿ ಎಂದರಂತೆ ತೋಮಾ. ಮರುವರ್ಷ 1887ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮೊದಲ ಬಹುಮಾನ ಅವಳನ್ನು ಹುಡುಕಿಕೊಂಡು ಬಂತು.

ರ‍್ಯಾಂಕ್ ಪಟ್ಟಿಯನ್ನು ಎದುರು ನೋಡುತ್ತಾ ಕೂರುವ ನಮ್ಮ ಮನೆಗಳಿಗೆ ಇದು ಕೊಂಚ ಅಪರಿಚಿತ ತರ್ಕ. ಬಹುಮಾನ ಒಂದು ವರ್ಷ ಕಾಯಬಹುದು, ಕಲಿಕೆ ನಿಲ್ಲಬಾರದು!

<b>ಅನಾಥಾಲಯದಿಂದ ವಿದ್ಯಾಲಯಕ್ಕೆ</b>

ಕನ್ಸರ್ವೇಟರಿ ಎಂದರೆ ಸಂಗೀತದ ಉನ್ನತ ವಿದ್ಯಾಲಯ. ಆದರೆ ಆ ಪದದ ಮೂಲ ಇಟಲಿಯ ಅನಾಥಾಲಯಗಳಲ್ಲಿದೆ. ನೇಪಲ್ಸ್‌ನಂಥ ನಗರಗಳಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಕಾಪಾಡುವ ಮನೆಗಳಿಗೆ ಆ ಹೆಸರಿತ್ತು. ಅಲ್ಲಿ ಹೊಟ್ಟೆಪಾಡಿಗಾಗಲಿ ಎಂದು ಮಕ್ಕಳಿಗೆ ಸಂಗೀತವನ್ನೂ ಕಲಿಸುತ್ತಿದ್ದರು. ಕ್ರಮೇಣ ಕಾಪಾಡುವ ಮನೆ ಎಂಬ ಅರ್ಥ ಮರೆಯಾಗಿ, ಕಲಿಸುವ ಮನೆ ಎಂಬ ಅರ್ಥ ಉಳಿಯಿತು.

ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ, 1795ರಲ್ಲಿ, ಪ್ಯಾರಿಸ್ ಕನ್ಸರ್ವೇಟರಿ ಹುಟ್ಟಿತು. ಅದು ಸರ್ಕಾರಿ ಸಂಸ್ಥೆ. ಹಣವಿದ್ದವರೆಲ್ಲ ಬಂದು ಸೇರುವಂತಿರಲಿಲ್ಲ. ಪ್ರವೇಶಕ್ಕೆ ಸ್ಪರ್ಧೆ, ತೇರ್ಗಡೆಗೂ ಸ್ಪರ್ಧೆ. ಆದರೆ ಹಾರ್ಪ್‌ಗೆ ಪ್ರತ್ಯೇಕ ತರಗತಿ ತೆರೆಯಲು ಮೂವತ್ತು ವರ್ಷ ಬೇಕಾಯಿತು. 1825ರಲ್ಲಿ ಫ್ರಾನ್ಸ್ವಾ ಜೋಸೆಫ್ ನಾದರ್ಮಾನ್ ಮೊದಲ ಪ್ರಾಧ್ಯಾಪಕರಾಗಿ ಬಂದರು. ಅಂದಿನಿಂದ ಈ ತರಗತಿಯಲ್ಲಿ ಕಲಿತವರು ಜಗತ್ತಿನ ಹಾರ್ಪ್ ವಾದನದ ದಿಕ್ಕನ್ನೇ ನಿರ್ಧರಿಸಿದರು ಎಂದರೆ ಉತ್ಪ್ರೇಕ್ಷೆಯಲ್ಲ.

<b>ಕೈಗೆ ನಲವತ್ತೇಳು, ಕಾಲಿಗೆ ಏಳು</b>

ಸಿನಿಮಾದಲ್ಲಿ ನಾಯಕಿ ಕನಸಿಗೆ ಜಾರುವಾಗ ನೀರು ಉಕ್ಕಿ ಹರಿದಂತೆ ಒಂದು ನಾದ ಕೇಳಿಸುತ್ತದಲ್ಲ, ಹಾರ್ಪ್ ಎಂದರೆ ಅದೇ ಎಂದು ಬಹುಮಂದಿಯ ನಂಬಿಕೆ. ಸಾಲು ತಂತಿಗಳ ಮೇಲೆ ಬೆರಳು ಜಾರಿಸಿದರೆ ಆ ನಾದ ಯಾರಿಗಾದರೂ ಬಂದೀತು. ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ.

ವೀಣೆಯಲ್ಲಿ ನಾಲ್ಕು ತಂತಿಗಳ ಮೇಲೆ, ಮೆಟ್ಟಿಲುಗಳ ನೆರವಿನಿಂದ ಎಲ್ಲ ಸ್ವರಗಳನ್ನೂ ಹೊರಡಿಸುತ್ತೇವೆ. ಹಾರ್ಪ್‌ನ ತತ್ವ ಬೇರೆ. ಅಲ್ಲಿ ಸ್ವರಕ್ಕೊಂದು ತಂತಿ. ದೊಡ್ಡ ಕನ್ಸರ್ಟ್ ಹಾರ್ಪ್‌ನಲ್ಲಿ ಆರೂವರೆ ಸ್ಥಾಯಿಗಳಿಗೆ ಒಟ್ಟು 47 ತಂತಿಗಳು. ಕಣ್ಣಿಗೆ ಗುರುತಾಗಲಿ ಎಂದು ‘ಸಿ’ ಸ್ವರದ ತಂತಿಗಳಿಗೆ ಕೆಂಪು ಬಣ್ಣ, ‘ಎಫ್’ ಸ್ವರದವಕ್ಕೆ ಕಪ್ಪು ಅಥವಾ ನೀಲಿ. ಮಂದ್ರದ ತಂತಿಗಳು ಲೋಹದವು, ನಡುವಿನವು ಪ್ರಾಣಿಗಳ ಕರುಳಿನಿಂದ ಮಾಡಿದವು, ತಾರದ ತುದಿಯವು ಸಾಮಾನ್ಯವಾಗಿ ನೈಲಾನಿನವು.

ಹಾಗಾದರೆ ಕೋಮಲ, ತೀವ್ರ ಸ್ವರಗಳು? ಅದು ಪಾದಗಳ ಕೆಲಸ. ಬುಡದಲ್ಲಿ ಏಳು ಪೆಡಲ್‌ಗಳಿವೆ, ಏಳು ಸ್ವರಗಳಿಗೆ ಒಂದೊಂದು. ಎಡಗಾಲಿಗೆ ಮೂರು, ಬಲಗಾಲಿಗೆ ನಾಲ್ಕು. ಪ್ರತಿ ಪೆಡಲ್‌ಗೂ ಮೂರು ಮೆಟ್ಟು. ಮೇಲಿದ್ದರೆ ಸ್ವರ ಅರ್ಧ ಇಳಿದಿರುತ್ತದೆ, ನಡುವೆ ಇದ್ದರೆ ಸಹಜ, ಕೆಳಗೆ ಒತ್ತಿದರೆ ಅರ್ಧ ಏರುತ್ತದೆ. ಒಂದು ಪೆಡಲ್ ಒತ್ತಿದರೆ ಎಲ್ಲ ಸ್ಥಾಯಿಗಳಲ್ಲೂ ಆ ಸ್ವರದ ತಂತಿಗಳು ಒಟ್ಟಿಗೆ ಬದಲಾಗುತ್ತವೆ. ಪೆಡಲ್‌ನಿಂದ ಹೊರಟ ಸರಳುಗಳು ಟೊಳ್ಳು ಕಂಬದೊಳಗೆ ಸಾಗಿ, ಮೇಲಿನ ಬಾಗಿದ ಕುತ್ತಿಗೆಯಲ್ಲಿರುವ ಪುಟ್ಟ ಬಿಲ್ಲೆಗಳನ್ನು ತಿರುಗಿಸುತ್ತವೆ. ಬಿಲ್ಲೆಯ ಮೊಳೆಗಳು ತಂತಿಯನ್ನು ಹಿಡಿದು ಅದರ ಉದ್ದವನ್ನು ಕಿರಿದುಗೊಳಿಸುತ್ತವೆ.

ಹೀಗಾಗಿ ಹಾರ್ಪ್ ವಿದ್ಯಾರ್ಥಿಯ ಪಾಠದ ಹಾಳೆಗಳಲ್ಲಿ ಪೆನ್ಸಿಲ್ ಗುರುತುಗಳದೇ ಸಂತೆ. ಎಲ್ಲಿ ಯಾವ ಪೆಡಲ್ ಯಾವ ಮೆಟ್ಟಿಗೆ ಹೋಗಬೇಕು ಎಂಬುದನ್ನು ಮೊದಲೇ ಯೋಚಿಸಿ ಬರೆದುಕೊಳ್ಳಬೇಕು. ಕೈ ಈ ಸಾಲನ್ನು ನುಡಿಸುತ್ತಿರುವಾಗಲೇ ಕಾಲು ಮುಂದಿನ ಸಾಲನ್ನು ಸಿದ್ಧಪಡಿಸುತ್ತಿರುತ್ತದೆ. ಒಂದು ಪೆಡಲ್ ಮರೆತರೆ ಆ ಸ್ವರ ಬಂದಾಗಲೆಲ್ಲ ಅಪಸ್ವರ!

ವಾದ್ಯವನ್ನು ಬಲ ಭುಜಕ್ಕೆ ಒರಗಿಸಿಕೊಂಡು ಎರಡೂ ಕೈಗಳ ಹೆಬ್ಬೆರಳು ಮತ್ತು ಮೂರು ಬೆರಳುಗಳಿಂದ ಮೀಟುತ್ತಾರೆ. ಕಿರುಬೆರಳಿಗೆ ಕೆಲಸವಿಲ್ಲ. ಉಗುರು ಬೆಳೆಸುವಂತಿಲ್ಲ, ಬೆರಳ ತುದಿಯ ಮಾಂಸದಿಂದಲೇ ನಾದ ಹೊರಡಬೇಕು. ಮೊದಮೊದಲು ಬೊಕ್ಕೆ ಏಳುತ್ತದೆ, ಬಳಿಕ ಚರ್ಮ ಗಟ್ಟಿಯಾಗುತ್ತದೆ. ರಜೆಯಲ್ಲಿ ಕೆಲವು ವಾರ ಬಿಟ್ಟರೆ ಮತ್ತೆ ಮೃದುವಾಗಿ ಮೊದಲಿನಿಂದ ಶುರು. ಇನ್ನೊಂದು ಸೂಕ್ಷ್ಮವಿದೆ. ಮೀಟಿದ ತಂತಿ ತಾನಾಗಿ ನಿಲ್ಲುವುದಿಲ್ಲ, ಅನುರಣಿಸುತ್ತಲೇ ಇರುತ್ತದೆ. ಹಿಂದಿನ ಸ್ವರ ಮುಂದಿನದರ ಮೇಲೆ ಚೆಲ್ಲದಂತೆ ಅಂಗೈಯಿಂದ ಒತ್ತಿ ನಿಲ್ಲಿಸಬೇಕು. ನಾದ ಹೊರಡಿಸುವಷ್ಟೇ ಕಷ್ಟ, ಮೌನ ಹೊರಡಿಸುವುದು.

<b>ಗುರು ಒಪ್ಪದ ವಾದ್ಯ</b>

ಮೂರು ಮೆಟ್ಟಿನ ಈ ಪೆಡಲ್ ವ್ಯವಸ್ಥೆಗೆ ಸೆಬಾಸ್ಟಿಯನ್ ಎರಾರ್ ಎಂಬ ತಯಾರಕ 1810ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ. ಅದಕ್ಕೂ ಮುಂಚಿನ ಹಾರ್ಪ್‌ನ ಪೆಡಲ್‌ಗೆ ಎರಡೇ ಮೆಟ್ಟು. ಎಲ್ಲ ಶ್ರುತಿಗಳಲ್ಲೂ ನುಡಿಸಲು ಬರುತ್ತಿರಲಿಲ್ಲ. ಎರಾರ್‌ನ ವಾದ್ಯ ಆ ಮಿತಿಯನ್ನು ಮುರಿಯಿತು. ಆದರೆ ಹದಿನೈದು ವರ್ಷಗಳ ಮೇಲೆ ಪ್ಯಾರಿಸ್ಸಿನಲ್ಲಿ ಹಾರ್ಪ್ ತರಗತಿ ಆರಂಭವಾದಾಗ ಅಲ್ಲಿ ಕಲಿಸಿದ್ದು ಹಳೆಯ ವಾದ್ಯವನ್ನೇ! ನಾದರ್ಮಾನ್ ಹೊಸದನ್ನು ಒಪ್ಪಲಿಲ್ಲ. ಅವರ ಮನೆತನವೇ ಹಳೆಯ ಬಗೆಯ ಹಾರ್ಪ್ ತಯಾರಕರದು ಎಂಬುದನ್ನೂ ಇಲ್ಲಿ ನೆನೆಯಬೇಕು. 1835ರಲ್ಲಿ ನಾದರ್ಮಾನ್ ತೀರಿಕೊಂಡು, ಪ್ರುಮಿಯೆ ಎಂಬುವರು ಆ ಸ್ಥಾನಕ್ಕೆ ಬಂದ ಮೇಲೆಯೇ ಎರಾರ್‌ನ ಹಾರ್ಪ್ ತರಗತಿಯೊಳಗೆ ಕಾಲಿಟ್ಟದ್ದು. ಒಂದು ದಶಕದ ವಿದ್ಯಾರ್ಥಿಗಳು ಹೊರಗೆ ಬಳಕೆಗೆ ಬಂದಿದ್ದ ವಾದ್ಯವನ್ನು ಒಳಗೆ ಮುಟ್ಟದೆ ಕಲಿತರು.

ಕಾಲದ ತಮಾಷೆ ನೋಡಿ. ನಾದರ್ಮಾನ್ ನೆಚ್ಚಿದ ವಾದ್ಯ ಮೂಲೆ ಸೇರಿತು. ಆದರೆ ಕಲಿಯುವವರಿಗಾಗಿ ಅವರು ರಚಿಸಿದ ಸೊನಾಟಾಗಳು ಇಂದಿಗೂ ಹಾರ್ಪ್ ವಿದ್ಯಾರ್ಥಿಗಳ ಮೊದಲ ಮೆಟ್ಟಿಲುಗಳಲ್ಲಿ ಸೇರಿವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇನ್ನೊಂದು ಜಗಳ ಎದ್ದಿತು. ಪ್ಲೆಯೆಲ್ ಕಂಪನಿ ಪೆಡಲ್ಲೇ ಇಲ್ಲದ, ಎರಡು ಸಾಲು ತಂತಿಗಳು ಒಂದನ್ನೊಂದು ಅಡ್ಡಹಾಯುವ ಹೊಸ ಹಾರ್ಪ್ ತಂದಿತು. ಅದರ ಮೆರುಗು ತೋರಿಸಲು ದೆಬುಸ್ಸಿಯಿಂದ 1904ರಲ್ಲಿ ಕೃತಿಯೊಂದನ್ನು ಬರೆಸಿತು. ಎರಾರ್ ಕಂಪನಿ ಸುಮ್ಮನಿದ್ದೀತೇ? ಪೆಡಲ್ ಹಾರ್ಪ್‌ಗಾಗಿ ರಾವೆಲ್‌ನಿಂದ 1905ರಲ್ಲಿ ಮತ್ತೊಂದನ್ನು ಬರೆಸಿತು. ವ್ಯಾಪಾರದ ಪೈಪೋಟಿಯಲ್ಲಿ ಪೆಡಲ್ ಹಾರ್ಪ್ ಗೆದ್ದಿತು. ಪ್ಲೆಯೆಲ್‌ನ ವಾದ್ಯ ಬಹುಮಟ್ಟಿಗೆ ಮರೆಯಾಯಿತು. ವಿದ್ಯಾರ್ಥಿಗಳಿಗೆ ಮಾತ್ರ ಎರಡೂ ಲಾಭ. ದೆಬುಸ್ಸಿಯ ಕೃತಿಯನ್ನೂ ಈಗ ಪೆಡಲ್ ಹಾರ್ಪ್‌ನಲ್ಲೇ ನುಡಿಸುತ್ತಾರೆ.

<b>ತರಗತಿಯ ಒಳಗೆ</b>

1990ರಿಂದ ಪ್ಯಾರಿಸ್ ಕನ್ಸರ್ವೇಟರಿ ನಗರದ ಈಶಾನ್ಯ ಭಾಗದ ಲಾ ವಿಲೆಟ್‌ನ ಹೊಸ ಕಟ್ಟಡದಲ್ಲಿದೆ. ಮೊದಲ ಹಂತ ಮೂರು ವರ್ಷ, ಅದರ ಮೇಲೆ ಸ್ನಾತಕೋತ್ತರ ಹಂತ ಎರಡು ವರ್ಷ. ಪ್ರವೇಶಕ್ಕೆ ಇಂದಿಗೂ ತೀರ್ಪುಗಾರರ ಮುಂದೆ ನುಡಿಸಿಯೇ ತೋರಿಸಬೇಕು. ಅಂಕಪಟ್ಟಿಯೊಂದನ್ನೇ ಹಿಡಿದು ಹೋದರೆ ಸೀಟು ಸಿಗದು.

ಇಲ್ಲಿಗೆ ಬರುವ ಹೊತ್ತಿಗೆ ವಿದ್ಯಾರ್ಥಿ ಹತ್ತು ಹನ್ನೆರಡು ವರ್ಷ ಕಲಿತಿರುವುದು ಸಾಮಾನ್ಯ. ಏಳೆಂಟನೆಯ ವಯಸ್ಸಿನಲ್ಲಿ ಪೆಡಲ್ ಇಲ್ಲದ, ಕೈಯಿಂದ ತಿರುಗಿಸುವ ಸನ್ನೆಗಳಿರುವ ಪುಟ್ಟ ಹಾರ್ಪ್‌ನಿಂದ ಆರಂಭ. ಕಾಲು ನಿಲುಕುವ ಎತ್ತರ ಬಂದ ಮೇಲೆ ಪೆಡಲ್ ಹಾರ್ಪ್. ಆನ್ರಿಯೆತ್‌ಳ ತಂದೆ ಪಟ್ಟ ಪಾಡು ಇಂದಿನ ತಂದೆಯರಿಗೆ ಇಲ್ಲ.

ವಿದ್ಯಾಲಯದಲ್ಲಿ ಏಕವಾದನದ ಪಾಠ ಒಂದು ಭಾಗ ಮಾತ್ರ. ಸ್ವರಲಿಪಿಯನ್ನು ನೋಡಿದೊಡನೆ ನುಡಿಸುವುದು, ಸಂಗೀತಶಾಸ್ತ್ರ, ಇತಿಹಾಸ, ಕೊಳಲು ಪಿಟೀಲುಗಳ ಜೊತೆ ಸೇರಿ ನುಡಿಸುವುದು, ವಾದ್ಯವೃಂದದಲ್ಲಿ ಕೂರುವುದು ಎಲ್ಲವೂ ಇದೆ. ಹಿಂದೆ ವರ್ಷದ ಕೊನೆಯ ಸ್ಪರ್ಧೆಗೆಂದು ದೊಡ್ಡ ಸಂಗೀತಕಾರರಿಂದಲೇ ಹೊಸ ಕೃತಿ ಬರೆಸುತ್ತಿದ್ದರು. ಗಾಬ್ರಿಯೆಲ್ ಫೋರೆ 1904ರ ಹಾರ್ಪ್ ಪರೀಕ್ಷೆಗಾಗಿ ಬರೆದ ‘ಇಂಪ್ರಾಂಪ್ಟು’ ಇಂದು ಸಭಾಂಗಣಗಳಲ್ಲಿ ಕೇಳಿಬರುವ ಕೃತಿ. ಪ್ರಶ್ನೆಪತ್ರಿಕೆಯೊಂದು ಕಲಾಕೃತಿಯಾಗಿ ಉಳಿದ ಅಪರೂಪದ ಉದಾಹರಣೆ ಇದು.

ವಾದ್ಯವೃಂದದ ಪಾಠವೇ ಬೇರೆ ಬಗೆಯದು. ಅಲ್ಲಿ ಹಾರ್ಪ್ ವಾದಕರು ನುಡಿಸುವುದಕ್ಕಿಂತ ಎಣಿಸುವುದೇ ಹೆಚ್ಚು. ನೂರಾರು ತಾಳಾವರ್ತಗಳನ್ನು ಸುಮ್ಮನೆ ಎಣಿಸುತ್ತಾ ಕುಳಿತು, ತಮ್ಮ ಸರದಿ ಬಂದಾಗ ಒಂಟಿಯಾಗಿ ನುಡಿಸಬೇಕು. ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಬ್ಯಾಲೆಯ ಹೂಗಳ ನೃತ್ಯದ ಆರಂಭದಲ್ಲಿ ಉಳಿದವರು ಸುಮ್ಮನಾಗಿ ಹಾರ್ಪ್ ಒಂದೇ ಮಾತಾಡುತ್ತದೆ. ಕೆಲಸದ ಆಯ್ಕೆಯಲ್ಲಿ ಕೇಳುವುದು ಇಂಥ ತುಣುಕುಗಳನ್ನೇ. ಕೆಲವು ನಿಮಿಷಗಳ ವಾದನದ ಮೇಲೆ ಹದಿನೈದು ವರ್ಷಗಳ ಓದಿನ ಫಲ ನಿಂತಿರುತ್ತದೆ.

<b>ಇರುವುದೊಂದೇ ಕುರ್ಚಿ</b>

ಹೆತ್ತವರು ಮೊದಲೇ ತಿಳಿದಿರಬೇಕಾದ ಸತ್ಯವೊಂದಿದೆ. ದೊಡ್ಡ ವಾದ್ಯವೃಂದದಲ್ಲಿ ಪಿಟೀಲು ವಾದಕರು ಮೂವತ್ತು ಮಂದಿ ಇರಬಹುದು. ಹಾರ್ಪ್‌ಗೆ ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು ಕಾಯಂ ಹುದ್ದೆ. ಅದರಲ್ಲಿ ಕುಳಿತವರು ನಿವೃತ್ತರಾಗುವವರೆಗೆ ಜಾಗ ಖಾಲಿಯಾಗುವುದಿಲ್ಲ. ಖಾಲಿಯಾದರೆ ಹಲವು ದೇಶಗಳಿಂದ ಅರ್ಜಿಗಳು ಬಂದು ಬೀಳುತ್ತವೆ.

ಕುರ್ಚಿ ಸಿಕ್ಕಿದರೂ ಎಲ್ಲವೂ ಸಿಕ್ಕಂತಲ್ಲ. ಪ್ಯಾರಿಸ್ ತರಗತಿಯಲ್ಲಿ ಕಲಿತ ಲಿಲಿ ಲಾಸ್ಕಿನ್ 1909ರಲ್ಲಿ ಹದಿನಾರನೆಯ ವಯಸ್ಸಿಗೇ ಪ್ಯಾರಿಸ್ ಒಪೆರಾದ ವಾದ್ಯವೃಂದ ಸೇರಿದ ಮೊದಲ ಮಹಿಳೆ. ಆದರೆ ವಿಯೆನ್ನಾದ ಕಥೆ ಕೇಳಿ. ಅನಾ ಲೆಲ್ಕೆಸ್ ಎಂಬ ಹಾರ್ಪ್ ವಾದಕಿ ವಿಯೆನ್ನಾ ಫಿಲ್‌ಹಾರ್ಮೋನಿಕ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನುಡಿಸಿದರು. ಆದರೂ ಅವರು ಸದಸ್ಯೆಯಾಗಿರಲಿಲ್ಲ, ಏಕೆಂದರೆ ಸದಸ್ಯತ್ವ ಗಂಡಸರಿಗೆ ಮಾತ್ರ ಮೀಸಲಾಗಿತ್ತು. 1997ರಲ್ಲಿ ನಿಯಮ ಬದಲಾಗಿ ಅವರು ಆ ತಂಡದ ಮೊದಲ ಪೂರ್ಣ ಮಹಿಳಾ ಸದಸ್ಯೆಯಾದರು.

ಆನ್ರಿಯೆತ್ ರೆನಿಯೆ ಅವರಿಗೂ ಇಂಥದೇ ಪೆಟ್ಟು ಬಿತ್ತು. ಹನ್ನೆರಡರ ಹೊತ್ತಿಗೇ ತಮಗಿಂತ ಹಿರಿಯರಿಗೆ ಪಾಠ ಹೇಳುತ್ತಿದ್ದರಂತೆ. ಮುಂದೆ ಸಂಯೋಜನೆಯನ್ನೂ ಕಲಿತು, 1901ರಲ್ಲಿ ಹಾರ್ಪ್ ಮತ್ತು ವಾದ್ಯವೃಂದಕ್ಕಾಗಿ ತಾವೇ ರಚಿಸಿದ ಕೃತಿಯನ್ನು ಪ್ಯಾರಿಸ್ಸಿನಲ್ಲಿ ನುಡಿಸಿದರು. 1912ರಲ್ಲಿ ಗುರು ಅಲ್ಫೋನ್ಸ್ ಹಾಸಲ್‌ಮಾನ್ ಅವರ ಸ್ಥಾನ ತೆರವಾದಾಗ ಅದು ರೆನಿಯೆ ಅವರಿಗೇ ಎಂದು ಅನೇಕರು ಭಾವಿಸಿದ್ದರು. ಹುದ್ದೆ ಹೋದದ್ದು ಅದೇ ತರಗತಿಯ ಮಾರ್ಸೆಲ್ ತುರ್ನಿಯೆ ಅವರಿಗೆ. ತುರ್ನಿಯೆ ಒಳ್ಳೆಯ ಸಂಗೀತಕಾರರೇ. ಆದರೆ ರೆನಿಯೆ ಅವರ ಕಟ್ಟಾ ಕ್ಯಾಥೊಲಿಕ್ ನಿಷ್ಠೆ ಅಂದಿನ ಸರ್ಕಾರಕ್ಕೆ ಹಿಡಿಸದೆ ಹೋಯಿತು ಎಂದು ಅವರ ಬದುಕನ್ನು ಬರೆದವರು ಹೇಳುತ್ತಾರೆ.

<b>ಹೊರೆ ಮತ್ತು ಹಣ</b>

ಇನ್ನು ಖರ್ಚಿನ ಮಾತು. ಹೊಸ ಕನ್ಸರ್ಟ್ ಹಾರ್ಪ್ ಹತ್ತು ಲಕ್ಷ ರೂಪಾಯಿಗಿಂತ ಕಡಿಮೆಗೆ ಸಿಗುವುದಿಲ್ಲ. ಚಿನ್ನದ ಲೇಪನ, ಕೆತ್ತನೆ ಇರುವ ವಾದ್ಯಗಳ ಬೆಲೆ ಅದರ ಹಲವು ಪಟ್ಟು. ಹಳೆಯದಾದಷ್ಟೂ ಬೆಲೆ ಏರುವ ಪಿಟೀಲಿನಂತೆ ಇದಲ್ಲ. ತಂತಿಗಳೆಲ್ಲ ಸೇರಿ ಹೆಚ್ಚುಕಡಿಮೆ ಒಂದು ಟನ್ನಿನಷ್ಟು ಬಿಗಿತದಿಂದ ಧ್ವನಿಫಲಕವನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಕೆಲವು ದಶಕಗಳಲ್ಲಿ ಆ ಹಲಗೆ ಉಬ್ಬಿ ದುರಸ್ತಿಗೆ ಬರುತ್ತದೆ. ತಂತಿ ಹರಿಯುವುದು ಮಾಮೂಲು. ಪೆಡಲ್ ಯಂತ್ರಕ್ಕೆ ಆಗಾಗ ತಜ್ಞರ ಕೈಯಿಂದ ರಿಪೇರಿ ಆಗಲೇಬೇಕು. ಪ್ರತಿದಿನ ಅಭ್ಯಾಸಕ್ಕೆ ಮುಂಚೆ 47 ತಂತಿಗಳಿಗೂ ಶ್ರುತಿ ಹಿಡಿಯುವ ಕೆಲಸ ಬೇರೆ.

ತೂಕ ನಲವತ್ತು ಕಿಲೋ ಆಸುಪಾಸು, ಎತ್ತರ ಆರು ಅಡಿ. ಕೊಳಲು ಕಲಿತವನು ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ಹಾರ್ಪ್ ಕಲಿತವಳಿಗೆ ಹಿಂದಿನ ಸೀಟು ಮಡಚುವ ಕಾರು, ತಳ್ಳುಗಾಡಿ, ಮೆಟ್ಟಿಲಿಲ್ಲದ ಬಾಗಿಲು, ಜೊತೆಗೆ ಎತ್ತಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಬಹಳ ಸಲ ಅಪ್ಪನೋ ಅಮ್ಮನೋ ಆಗಿರುತ್ತಾರೆ. ವಿದ್ಯಾಲಯಗಳು ಅಭ್ಯಾಸದ ಕೋಣೆಯಲ್ಲಿ ತಮ್ಮದೇ ವಾದ್ಯಗಳನ್ನು ಇರಿಸುವುದೂ, ಮನೆಯವರು ಬಾಡಿಗೆಗೆ ತರುವುದೂ ಇದೇ ಕಾರಣಕ್ಕೆ.

ಹಾಗೆಂದು ಬಾಗಿಲು ಹಣವಂತರಿಗೆ ಮಾತ್ರ ತೆರೆದಿದೆ ಎನ್ನುವಂತಿಲ್ಲ. ಪ್ಯಾರಿಸ್ಸಿನದು ಸರ್ಕಾರಿ ಸಂಸ್ಥೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಕರ್ಟಿಸ್ ಸಂಸ್ಥೆ 1928ರಿಂದ ಆಯ್ಕೆಯಾದ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ಪಡೆಯುತ್ತಿಲ್ಲ. ಅಲ್ಲಿನ ಹಾರ್ಪ್ ವಿಭಾಗವನ್ನು ಕಟ್ಟಿದವರೂ ಪ್ಯಾರಿಸ್ ತರಗತಿಯವರೇ. ಅವರು ಕಾರ್ಲೋಸ್ ಸಾಲ್ಜೇಡೊ, 1901ರಲ್ಲಿ ಒಂದೇ ದಿನ ಪಿಯಾನೋ ಮತ್ತು ಹಾರ್ಪ್ ಎರಡರಲ್ಲೂ ಮೊದಲ ಬಹುಮಾನ ಪಡೆದವರು. ಶುಲ್ಕವಿಲ್ಲದ ಕಡೆ ಸೀಟುಗಳು ಬೆರಳೆಣಿಕೆಯಷ್ಟು ಎಂಬುದನ್ನೂ ಮರೆಯುವಂತಿಲ್ಲ.

<b>ನಮ್ಮದೂ ಆಗಿದ್ದ ವಾದ್ಯ</b>

ಇದೆಲ್ಲ ಪರದೇಶದ ಮಾತು, ನಮಗೇನು ಎನ್ನುವವರು ಸಮುದ್ರಗುಪ್ತನ ನಾಣ್ಯವನ್ನು ನೋಡಬೇಕು. ಅದರಲ್ಲಿ ಚಕ್ರವರ್ತಿ ತೊಡೆಯ ಮೇಲಿಟ್ಟು ನುಡಿಸುತ್ತಿರುವ ‘ವೀಣೆ’ ಇಂದಿನ ವೀಣೆಯಲ್ಲ. ಬಿಲ್ಲಿನಂತೆ ಬಾಗಿದ, ಸ್ವರಕ್ಕೊಂದು ತಂತಿಯ ಹಾರ್ಪ್ ಅದು. ತಮಿಳು ಸಂಗಂ ಕಾಲದ ‘ಯಾಳ್’ ಕೂಡ ಇದೇ ಕುಲದ್ದು. ತಂತಿಯನ್ನು ಒತ್ತಿ, ಎಳೆದು, ಗಮಕ ಹೊರಡಿಸಬಲ್ಲ ವಾದ್ಯಗಳು ಬಂದಂತೆ ನಮ್ಮಲ್ಲಿ ಅದು ಹಿಂದೆ ಸರಿಯಿತು. ಮಧ್ಯಪ್ರದೇಶದ ಪರಧಾನ ಗಾಯಕರ ‘ಬಿನ್ ಬಾಜಾ’ ಅದರ ಕೊನೆಯ ಕುಡಿಗಳಲ್ಲಿ ಒಂದು. ನೆರೆಯ ಮ್ಯಾನ್ಮಾರ್‌ನಲ್ಲಿ ಮಾತ್ರ ‘ಸೌಂಗ್’ ಎಂಬ ಹೆಸರಿನಲ್ಲಿ ಬಾಗಿದ ಹಾರ್ಪ್ ಇಂದಿಗೂ ಗೌರವದ ವಾದ್ಯ.

ನಮ್ಮಲ್ಲಿ ಗುರುಶಿಷ್ಯರ ಪರಂಪರೆ ಕಡಿದುಹೋಯಿತು, ವಾದ್ಯವೂ ಹೋಯಿತು. ಪ್ಯಾರಿಸ್ಸಿನಲ್ಲಿ ತರಗತಿಯೊಂದು ಬಿಡದೆ ನಡೆಯಿತು, ವಾದ್ಯವೂ ಬೆಳೆಯಿತು. ಒಂದು ವಾದ್ಯದ ಆಯುಸ್ಸು ಅದನ್ನು ಕಲಿಸುವವರ ಆಯುಸ್ಸಿಗೆ ಅಂಟಿಕೊಂಡಿರುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

<b>ಕುರ್ಚಿ ಇಲ್ಲದ ಗುರು</b>

ಹುದ್ದೆ ತಪ್ಪಿದ ರೆನಿಯೆ ಅವರು ಸುಮ್ಮನೆ ಕೂರಲಿಲ್ಲ. ಖಾಸಗಿಯಾಗಿ ಪಾಠ ಹೇಳಿದರು. ತಮ್ಮ ಹೆಸರಿನಲ್ಲಿ ಹಾರ್ಪ್ ಸ್ಪರ್ಧೆಯನ್ನು ಆರಂಭಿಸಿದರು. ಜೀವಮಾನದ ಅನುಭವವನ್ನೆಲ್ಲ ಕೂಡಿಸಿ ಬರೆದ ಹಾರ್ಪ್ ಬೋಧಿನಿ 1946ರಲ್ಲಿ ಅಚ್ಚಾಯಿತು. ಬೆರಳನ್ನು ತಂತಿಯ ಮೇಲೆ ಹೇಗಿಡಬೇಕು ಎಂಬಲ್ಲಿಂದ ಹಿಡಿದು ಹೇಳಿಕೊಡುವ ಆ ಪುಸ್ತಕವನ್ನು ಇಂದೂ ಬಳಸುತ್ತಾರೆ. ಅವರು ತೀರಿಕೊಂಡದ್ದು 1956ರಲ್ಲಿ.

ಅವರ ಶಿಷ್ಯ ಮಾರ್ಸೆಲ್ ಗ್ರಾಂಜನಿ ಅಮೆರಿಕಕ್ಕೆ ಹೋಗಿ 1938ರಿಂದ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ದಶಕಗಳ ಕಾಲ ಹಾರ್ಪ್ ಕಲಿಸಿದರು. ಗ್ರಾಂಜನಿ 1975ರಲ್ಲಿ ತೀರಿಕೊಂಡ ಮೇಲೆ ಆ ವಿಭಾಗದ ಹೊಣೆ ಹೊತ್ತ ಸೂಸನ್ ಮ್ಯಾಕ್‌ಡೊನಾಲ್ಡ್ ಕೂಡ ರೆನಿಯೆ ಅವರಲ್ಲಿ ಪಾಠ ಹೇಳಿಸಿಕೊಂಡವರು. ಪ್ಯಾರಿಸ್ಸಿನಲ್ಲಿ ಕುರ್ಚಿ ಕೊಡಲಿಲ್ಲ. ಆದರೆ ಅವರು ಕಲಿಸಿದ ಕೈಗಳು ಸಾಗರದಾಚೆಯ ಕುರ್ಚಿಗಳಲ್ಲಿ ಕುಳಿತವು.

ಹಾರ್ಪ್ ಓದಿದವರೆಲ್ಲ ವಾದ್ಯವೃಂದ ಸೇರುವುದಿಲ್ಲ. ಹೆಚ್ಚಿನವರು ಪಾಠ ಹೇಳುತ್ತಾರೆ, ಸಣ್ಣ ಕಚೇರಿಗಳಲ್ಲಿ, ಮದುವೆ ಸಮಾರಂಭಗಳಲ್ಲಿ, ಧ್ವನಿಮುದ್ರಣದ ಸ್ಟುಡಿಯೋಗಳಲ್ಲಿ ನುಡಿಸುತ್ತಾರೆ. ಮಗುವನ್ನು ಇಂಥ ದಾರಿಗೆ ಕಳಿಸುವ ಮುನ್ನ ಹೆತ್ತವರು ಈ ಲೆಕ್ಕವನ್ನು ಹಾಕಲೇಬೇಕು. ಲೆಕ್ಕ ಹಾಕಿದ ಮೇಲೂ ಮಗು ತಂತಿಯ ಮುಂದಿನಿಂದ ಏಳದಿದ್ದರೆ?

ಆಗ ಮಾಡಬೇಕಾದ್ದು ಏನೆಂದು ಪ್ಯಾರಿಸ್ಸಿನ ಆ ತಂದೆಗೆ ಗೊತ್ತಿತ್ತು. ಮಗಳ ಪರವಾಗಿ ಅವರು ನುಡಿಸಲಾರರು, ಬಹುಮಾನ ತಂದುಕೊಡಲಾರರು, ಹುದ್ದೆಯನ್ನಂತೂ ಕೊಡಿಸಲಾರರು. ಕಾಲಿಗೂ ಪೆಡಲ್‌ಗೂ ನಡುವೆ ಇದ್ದ ಅಂತರ ಎಷ್ಟೆಂದು ಅಳೆದರು. ಅಷ್ಟನ್ನು ಮಾತ್ರ ತುಂಬಿಕೊಟ್ಟರು.